ನಿಂತ ಚಿತ್ರದ ನಡಿಗೆ

ಈ ಸ್ಮರಣ ಸಂಚಿಕೆಗೆ ಒಂದು ಪುಸ್ತಕ ವಿಮರ್ಶೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿದ್ದರು. ಪುಸ್ತಕದ ಬದಲು ಬೇರೊಂದು ಬಗೆಯ ಕೃತಿಯನ್ನು ಎತ್ತಿಕೊಂಡಿದ್ದೇವೆ. ಅದಕ್ಕಾಗಿ ಅವರ ಕ್ಷಮೆ ಕೋರುತ್ತೇವೆ. ವಾಳಪೈಯ ಕನ್ನಡಿಗರ ಮನೆಗಳಲ್ಲಿ ಇಂದು ಪುಸ್ತಕಕ್ಕಿಂತ ಹೆಚ್ಚಾಗಿ ಸಿದ್ಧವಾಗುತ್ತಿರುವ, ಹೆಚ್ಚು ಮಂದಿ ಒಟ್ಟಿಗೆ ಕುಳಿತು ನೋಡುತ್ತಿರುವ ಕೃತಿಯೆಂದರೆ ಹಳೆಯ ಫೋಟೋಗಳನ್ನು ಪೋಣಿಸಿ, ಹಿಂದೆ ಒಂದು ಹಾಡು ಹಚ್ಚಿ, ಪರದೆಯ ಮೇಲೆ ಬಿಡುವ ಸ್ಲೈಡ್ ಶೋ ವಿಡಿಯೋ. ಮದುವೆಗೆ ಒಂದು, ಷಷ್ಟ್ಯಬ್ದಿಗೆ ಒಂದು, ನಿವೃತ್ತಿಗೆ ಒಂದು, ಶ್ರದ್ಧಾಂಜಲಿಗೂ ಒಂದು. ಇವುಗಳನ್ನು ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ, ಕಣ್ಣು ಒರೆಸಿಕೊಂಡಿದ್ದೇವೆ. ಇವುಗಳ ಗುಣದೋಷಗಳನ್ನು ಯಾರೂ ಚರ್ಚಿಸಿದಂತೆ ಕಾಣೆವು.

ಇವುಗಳಲ್ಲಿ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ. ಪರದೆಯ ಮೇಲೆ ಬಂದ ಫೋಟೋ ಸುಮ್ಮನೆ ನಿಲ್ಲುವುದಿಲ್ಲ. ಮೆಲ್ಲಗೆ ಹತ್ತಿರಕ್ಕೆ ಬರುತ್ತದೆ, ಅಥವಾ ದೂರ ಸರಿಯುತ್ತದೆ, ಇಲ್ಲವೇ ಎಡದಿಂದ ಬಲಕ್ಕೆ ಜಾರುತ್ತದೆ. ಹುಡುಗರು ಮೊದಲನೆಯದನ್ನು ಜೂಮ್ ಎನ್ನುತ್ತಾರೆ, ಕೊನೆಯದನ್ನು ಪ್ಯಾನ್ ಎನ್ನುತ್ತಾರೆ. ಮೊದಲು ಇದನ್ನು ಒಬ್ಬ ಮನುಷ್ಯ ಯೋಚಿಸಿ ಮಾಡುತ್ತಿದ್ದ. ಈಗ ಮೊಬೈಲಿನ ಆ್ಯಪು ಯಾರನ್ನೂ ಕೇಳದೆ ತಾನೇ ಮಾಡಿ ಮುಗಿಸುತ್ತದೆ. ನಮ್ಮ ತಕರಾರು ಇರುವುದು ಈ ‘ತಾನೇ’ ಎಂಬ ಮಾತಿನ ಮೇಲೆ.

ತಕರಾರು ಹುಟ್ಟಿದ ಬಗೆಯನ್ನು ಮುಚ್ಚಿಡದೆ ಹೇಳುವುದು ಲೇಸು, ಏಕೆಂದರೆ ಅಪರಾಧಿಗಳು ನಾವೇ. ಹಿಂದಿನ ರಾಜ್ಯೋತ್ಸವಕ್ಕಾಗಿ ಸಂಘದ ಹಳೆಯ ಫೋಟೋಗಳ ವಿಡಿಯೋ ಮಾಡುವ ಹೊಣೆಯನ್ನು ನಾವು ಹೊತ್ತಿದ್ದೆವು. ಸತ್ತರಿಯ ಮಳೆಗಾಲವನ್ನು ಬಲ್ಲವರಿಗೆ ಇಲ್ಲಿ ಫೋಟೋ ಕಾಪಾಡುವ ಕಷ್ಟ ಗೊತ್ತು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಗೆ ಚಿತ್ರ ಅಂಟಿಕೊಳ್ಳುತ್ತದೆ, ಮುಖಗಳ ಮೇಲೆ ಬೂಷ್ಟು ಏಳುತ್ತದೆ. ಮನೆಮನೆಗೆ ಹೋಗಿ ಉಳಿದುದನ್ನು ಕೂಡಿಹಾಕಿದಾಗ 200 ಚಿತ್ರಗಳಾದವು. ನಮ್ಮ ಮೊಮ್ಮಗ ಅವನ್ನೆಲ್ಲ ಮೊಬೈಲಿಗೆ ಏರಿಸಿ, “ಅಜ್ಜಾ, ಇನ್ನ ನೀ ಏನೂ ಮಾಡೂದು ಬ್ಯಾಡ, ಎಲ್ಲಾ ಅದ ಮಾಡ್ಕೋತೈತಿ” ಎಂದು ಒಂದು ಗುಂಡಿ ಒತ್ತಿದ. ಚಿತ್ರಕ್ಕೆ 4 ಸೆಕೆಂಡಿನಂತೆ 13 ನಿಮಿಷ 20 ಸೆಕೆಂಡಿನ ವಿಡಿಯೋ ನಾವು ಚಹಾ ಕುಡಿಯುವಷ್ಟರಲ್ಲಿ ತಯಾರಾಯಿತು. ಅದನ್ನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿ ನಾವು ಸಂತೋಷಪಟ್ಟೆವು.

ಆ ಚಿತ್ರಗಳಲ್ಲಿ ಒಂದು, ಸಂಘದ ಆರಂಭದ ದಿನಗಳದು. ಹಿಂದಿನ ಸಾಲಿನಲ್ಲಿ 18 ಮಂದಿ ನಿಂತಿದ್ದಾರೆ. ಮುಂದೆ ಕುರ್ಚಿಗಳ ಮೇಲೆ ಅತಿಥಿಗಳು, ನಟ್ಟನಡುವೆ ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ; ಅವರ ಕಾಲ ಬಳಿ ನೆಲದ ಮೇಲೆ ಮಕ್ಕಳು. ಪರದೆಯ ಮೇಲೆ ಈ ಚಿತ್ರ ಬಂದಾಗ, ಹಿಂದಿನ ಚಿತ್ರ ಇನ್ನೂ ಪೂರ್ತಿ ಕರಗಿರಲಿಲ್ಲ. ಅದು ಕರಗಿ ಮುಗಿಯುವ ಹೊತ್ತಿಗೆ ಆ್ಯಪು ಮುಖ್ಯ ಅತಿಥಿಗಳ ಕಡೆಗೆ ಹೊರಟುಬಿಟ್ಟಿತ್ತು. ನಾಲ್ಕನೆಯ ಸೆಕೆಂಡಿಗೆ ಪರದೆಯ ತುಂಬ ಅವರು, ಅವರ ಹಾರ, ಅಕ್ಕಪಕ್ಕದ ಒಂದೆರಡು ಕುರ್ಚಿ. ಆ ಮಹನೀಯರು ವಾಳಪೈಗೆ ಅದೊಂದೇ ಸಲ ಬಂದವರು. ಅವರ ಹೆಸರು ಈಗ ನಮಗೂ ನೆನಪಿಲ್ಲ.

ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಹಿರಿಯ ತಾಯಿ ಮೊಮ್ಮಗಳ ಕೈ ಹಿಡಿದುಕೊಂಡು ನಮ್ಮ ಬಳಿ ಬಂದರು. ಅವರ ಯಜಮಾನರು ವಿಜಯಪುರ ಕಡೆಯಿಂದ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವರು. ಸಂಘದ ಮೊದಲ ಕಾರ್ಯಕ್ರಮಗಳಿಗೆ ಚಪ್ಪರ ಹಾಕಿದವರು, ಕುರ್ಚಿ ಹೊತ್ತವರು. ತೀರಿಕೊಂಡು ಬಹಳ ವರ್ಷಗಳಾದವು. “ಸರ್ರ, ನಮ್ಮ ಮನಿಯವರು ಬಂದಿದ್ರೇನ್ರಿ ಅದರಾಗ? ಈ ಕೂಸಿಗೆ ತೋರಸ್ತೀನಿ ಅಂತ ಕರ್ಕೊಂಡ ಬಂದಿದ್ದೆ. ನನಗ ಕಾಣ್ಲೇ ಇಲ್ರಿ” ಎಂದರು. ಬಂದಿದ್ದರು. ಹಿಂದಿನ ಸಾಲಿನಲ್ಲಿ ಬಲಗಡೆಯಿಂದ ಎರಡನೆಯವರು. ಆ ಚಿತ್ರವನ್ನು ನಮಗೆ ಕೊಟ್ಟವರೂ ಆ ತಾಯಿಯೇ. ನಾವು ಏನು ಉತ್ತರ ಹೇಳಿದೆವೋ ನೆನಪಿಲ್ಲ. ಹೇಳಿದ್ದು ಉತ್ತರವಾಗಿರಲಿಲ್ಲ ಎಂಬುದು ಮಾತ್ರ ನೆನಪಿದೆ.

ಮನೆಗೆ ಬಂದು ಕಾಗದ, ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕಿದೆವು. ಮೇಷ್ಟರಿಗೆ ಲೆಕ್ಕ ಮಾಡದೆ ಸಮಾಧಾನವಿಲ್ಲ. ಆ್ಯಪು ಮಾಡುವುದು ಬಹಳ ಸರಳವಾದ ಕೆಲಸ. ಫೋಟೋದ ಮೇಲೆ ಒಂದು ಚೌಕಟ್ಟನ್ನು ಆರಂಭಕ್ಕೆ, ಇನ್ನೊಂದನ್ನು ಕೊನೆಗೆ ಇಡುತ್ತದೆ. ಕೊಟ್ಟಷ್ಟು ಸೆಕೆಂಡುಗಳಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಸಾಗುತ್ತದೆ. ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ ಅಗಲದಲ್ಲಿ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ, ಎರಡೂ ಬದಿಯಲ್ಲಿ ಆರರಲ್ಲೊಂದು ಪಾಲು ಹೊರಗೆ ಬೀಳುತ್ತದೆ. 18 ಜನರ ಸಾಲಿನಲ್ಲಿ ಆಚೆ ಮೂವರು, ಈಚೆ ಮೂವರು. ಇದು ಅಗಲದ ಮಾತಾಯಿತು. ನಮ್ಮ ಹಳೆಯ ಕ್ಯಾಮೆರಾಗಳ ಫೋಟೋ 3:2ರ ಪ್ರಮಾಣದ್ದು, ಇಂದಿನ ಪರದೆ 16:9ರದು. ಪರದೆ ಪೂರ್ತಿ ತುಂಬಬೇಕೆಂದರೆ ಜೂಮ್ ಆರಂಭವಾಗುವ ಮೊದಲೇ ಎತ್ತರದಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ಹೋಗುತ್ತದೆ. ನೆಲದ ಮೇಲೆ ಕುಳಿತ ಮಕ್ಕಳು ಹೋದದ್ದು ಹಾಗೆ. ಇನ್ನು ಉದ್ದಕ್ಕೆ ಹಿಡಿದು ತೆಗೆದ ಫೋಟೋ ಆದರೆ ಅದರ ಎತ್ತರದಲ್ಲಿ ಶೇಕಡಾ 37.5 ಮಾತ್ರ ಒಂದು ಸಲಕ್ಕೆ ಕಾಣುತ್ತದೆ. ನಿಂತ ವಧುವಿನ ಕೊರಳಿನಿಂದ ಸೊಂಟದವರೆಗಿನ ಭಾಗವನ್ನಷ್ಟೇ ತೋರಿಸಿದ ಮದುವೆಯ ವಿಡಿಯೋ ಒಂದನ್ನು ನಾವು ಕಂಡಿದ್ದೇವೆ. ಬೀಗರು ಏನೂ ಅನ್ನಲಿಲ್ಲ, ಅದು ಅವರ ದೊಡ್ಡತನ.

ಲೆಕ್ಕ ಹೇಳದ ಒಂದು ಸಂಗತಿಯೂ ಇದೆ. ಗುಂಪಿನ ಫೋಟೋದಲ್ಲಿ ಅಂಚಿಗೆ ನಿಲ್ಲುವವರು ಯಾರು? ಫೋಟೋಗ್ರಾಫರ್ ಕರೆದಾಗ ಕುರ್ಚಿ ಜೋಡಿಸುತ್ತಿದ್ದವರು, ಒಲೆಯ ಮುಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದವರು, ನಡುವೆ ನಿಲ್ಲಲು ಸಂಕೋಚಪಟ್ಟವರು. ನಡುವಿನ ಜಾಗವನ್ನು ಶಿಷ್ಟಾಚಾರ ಹಂಚುತ್ತದೆ, ಅಂಚಿನ ಜಾಗವನ್ನು ಕೆಲಸ ಹಂಚುತ್ತದೆ. ಆ್ಯಪಿಗೆ ಇದಾವುದೂ ತಿಳಿಯದು. ಅದು ನಡುವನ್ನು ನಂಬುತ್ತದೆ. ಈಚಿನ ಆ್ಯಪುಗಳು ಮುಖಗಳನ್ನು ತಾವೇ ಗುರುತಿಸಿ ಆ ಕಡೆಗೆ ಚಲಿಸುತ್ತವೆಂದು ನಮ್ಮ ಮೊಮ್ಮಗ ಸಮಾಧಾನ ಹೇಳಿದ. ನಿಜವಿರಬಹುದು. ಆದರೆ ದೊಡ್ಡದಾಗಿ, ಬೆಳಕಿನಲ್ಲಿ, ನೇರಕ್ಕೆ ಇರುವ ಮುಖ ಯಂತ್ರಕ್ಕೆ ಸುಲಭ; ಸೆರಗು ಹೊದ್ದ, ಪಕ್ಕಕ್ಕೆ ತಿರುಗಿದ, ಹಿಂದಿನ ಸಾಲಿನ ನೆರಳಿನಲ್ಲಿರುವ ಸಣ್ಣ ಮುಖ ಕಷ್ಟ. ಹಾಗಾಗಿ ಈ ಸುಧಾರಣೆಯಿಂದಲೂ ಲಾಭ ಮುಂದಿನ ಕುರ್ಚಿಗಳಿಗೇ ಹೋಗುವ ಸಂಭವ ಹೆಚ್ಚು.

ಈ ಚಲನೆ ಆ್ಯಪಿನೊಂದಿಗೆ ಹುಟ್ಟಿದ್ದಲ್ಲ. ಫೋಟೋವನ್ನು ಕೆಳಗೆ ಇಟ್ಟು, ಮೇಲಿನಿಂದ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟಿನಂತೆ ಚಿತ್ರೀಕರಿಸುವ ಪದ್ಧತಿ ಸಾಕ್ಷ್ಯಚಿತ್ರಗಳಲ್ಲಿ ಹಳೆಯದು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ಕಾಲಿನ್ ಲೋ ಮತ್ತು ವುಲ್ಫ್ ಕೀನಿಗ್ ಎಂಬಿಬ್ಬರು 1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ಎಂಬ ಕಿರುಚಿತ್ರವನ್ನು ಮಾಡಿದರು. ಬಂಗಾರದ ಆಸೆಗೆ 1898ರಲ್ಲಿ ಡಾಸನ್ ಎಂಬ ಊರಿಗೆ ನುಗ್ಗಿದ ಜನರ ಕಥೆ ಅದು. ಅವರ ಬಳಿ ಇದ್ದ ಮುಖ್ಯ ಸಾಮಗ್ರಿ ಆ ಕಾಲದ ಸ್ಥಿರಚಿತ್ರಗಳು. ಅದರಿಂದ ಪ್ರೇರಣೆ ಪಡೆದ ಅಮೆರಿಕದ ಕೆನ್ ಬರ್ನ್ಸ್, 1990ರಲ್ಲಿ ತಮ್ಮ ದೇಶದ 1861–65ರ ಅಂತರ್ಯುದ್ಧವನ್ನು ಕುರಿತು 9 ಕಂತುಗಳ, 11 ಗಂಟೆಗೂ ಮಿಕ್ಕಿದ ಟೆಲಿವಿಷನ್ ಮಾಲೆಯನ್ನು ತಯಾರಿಸಿದರು. ಆ ಯುದ್ಧದ ಕಾಲದಲ್ಲಿ ಚಲನಚಿತ್ರ ಇರಲಿಲ್ಲ, ಫೋಟೋ ಇತ್ತು. ಬರ್ನ್ಸ್ ಒಂದೊಂದು ಫೋಟೋದ ಒಳಕ್ಕೆ ಹೋಗಿ, ಯಾರೋ ಒಬ್ಬ ಸಿಪಾಯಿಯ ಪತ್ರವನ್ನು ಓದಿಸುತ್ತ, ಮಾತಿನ ಹೆಜ್ಜೆಗೆ ಕ್ಯಾಮೆರಾದ ಹೆಜ್ಜೆಯನ್ನು ಹೊಂದಿಸಿದರು. ಮುಂದೆ ಆ್ಯಪಲ್ ಸಂಸ್ಥೆ 2003ರಲ್ಲಿ ತನ್ನ ಐಮೂವಿ ತಂತ್ರಾಂಶದಲ್ಲಿ ಇದೇ ಚಲನೆಯನ್ನು ಒಂದು ಸೌಲಭ್ಯವಾಗಿ ಸೇರಿಸಿ ಅದಕ್ಕೆ ಬರ್ನ್ಸ್ ಅವರ ಹೆಸರನ್ನೇ ಇಟ್ಟಿತು. ಹೀಗೆ ಒಬ್ಬ ಮನುಷ್ಯ ವರ್ಷಗಟ್ಟಲೆ ಕುಳಿತು ಮಾಡಿದ ಆಯ್ಕೆಗಳ ಹೆಸರು, ಆಯ್ಕೆಯೇ ಇಲ್ಲದ ಒಂದು ಗುಂಡಿಗೆ ಅಂಟಿಕೊಂಡಿತು.

ನಮ್ಮ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ತರಗತಿಯಲ್ಲಿ ಭೂಪಟ ತೂಗುಹಾಕಿ ಕೋಲಿನಿಂದ ತೋರಿಸುತ್ತ ಪಾಠ ಮಾಡಿದವರು ನಾವು. ಖಾನಾಪುರ ತಾಲೂಕಿನ ಕಾಡಿನ ಮೇಲೆ ಕೋಲಿಟ್ಟು ‘ಇಲ್ಲಿ ಮಹದಾಯಿ ಹುಟ್ಟುತ್ತಾಳೆ’ ಎನ್ನುವೆವು. ಕೋಲು ಸತ್ತರಿಗೆ ಇಳಿಯುತ್ತಿದ್ದಂತೆ ‘ಇದು ನಮ್ಮ ಸೀಮೆ’ ಎನ್ನುವೆವು. ಮಾಂಡೋವಿ ಎಂಬ ಹೆಸರಿನಲ್ಲಿ ಪಣಜಿಯ ಬಳಿ ಅವಳು ಸಮುದ್ರ ಸೇರುವಾಗ ಕೋಲು ನಿಲ್ಲುವುದು. ಕೋಲು ಓಡಿದಲ್ಲಿ ಮಕ್ಕಳ ಕಣ್ಣು ಓಡುತ್ತದೆ. ಕೋಲು ನಿಂತಲ್ಲಿ ಏನೋ ಇದೆ ಎಂದು ಅವರು ನಂಬುತ್ತಾರೆ. ಒಂದು ದಿನ ಮೇಷ್ಟರು ಸುಮ್ಮನೆ ನಿಂತು, ಕೋಲು ಮಾತ್ರ ಭೂಪಟದ ಮೇಲೆ ಮನಸ್ಸಿಗೆ ಬಂದಂತೆ ಅಲೆಯತೊಡಗಿದರೆ? ಮೊದಲ ನಿಮಿಷ ಮಕ್ಕಳು ನಕ್ಕಾರು. ಆಮೇಲೆ ಕೋಲನ್ನು ನೋಡುವುದನ್ನೇ ಬಿಟ್ಟಾರು. ಚಿತ್ರದ ಮೇಲಿನ ಚಲನೆಯೂ ಒಂದು ಕೋಲು. ‘ಇದನ್ನು ನೋಡಿ, ಇಲ್ಲಿಂದ ಅಲ್ಲಿಗೆ ಬನ್ನಿ, ಇಲ್ಲಿ ನಿಲ್ಲಿ’ ಎಂದು ಅದು ಹೇಳುತ್ತದೆ. 200 ಚಿತ್ರಗಳಿಗೂ ಕೋಲು ಆಡಿದರೆ ಯಾವುದರಲ್ಲೂ ತೋರಿಸಲು ಏನೂ ಉಳಿಯುವುದಿಲ್ಲ. ಆ್ಯಪಿನ ಚಲನೆ ಯಾವ ಮಾತನ್ನೂ ಹೇಳಲು ಹೊರಟದ್ದಲ್ಲ. ಆದರೂ ನೋಡುವವರ ಕಿವಿಗೆ ಅದು ಮಾತಾಗಿಯೇ ಕೇಳುತ್ತದೆ. ಮುಖ್ಯ ಅತಿಥಿಗಳೇ ಸಂಘವನ್ನು ಕಟ್ಟಿದವರು ಎಂದು ಆ ರಾತ್ರಿ ನಮ್ಮ ವಿಡಿಯೋ ಹೇಳಿತು. ಹಾಗೆ ಹೇಳಬೇಕೆಂದು ನಾವು ಬಯಸಿರಲಿಲ್ಲ.

ಚಲನೆಯೇ ಬೇಡವೆಂದು ನಾವು ವಾದಿಸುವುದಿಲ್ಲ. ಕೆಲವು ಚಿತ್ರಗಳು ನಡೆದೇ ನೋಡಬೇಕಾದವು. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯಲ್ಲಿ ವಿದ್ಯಾರಣ್ಯರ ಮೆರವಣಿಗೆಯ ಚಿತ್ರವಿದೆ. ಕತ್ತೆತ್ತಿಕೊಂಡು ಮೆರವಣಿಗೆಯ ಜತೆಗೇ ನಾಲ್ಕು ಹೆಜ್ಜೆ ಹಾಕಿದರೆ ಮಾತ್ರ ಅದು ಮೆರವಣಿಗೆಯಾಗಿ ಕಾಣುತ್ತದೆ. ಒಂದೇ ಕಡೆ ನಿಂತವನಿಗೆ ಬರಿಯ ಜನಸಂದಣಿ. ಸತ್ಯಜಿತ್ ರಾಯ್ ಅವರು 1972ರಲ್ಲಿ, ದೃಷ್ಟಿ ಕಳೆದುಕೊಂಡಿದ್ದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿಯವರನ್ನು ಕುರಿತು ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಶಾಂತಿನಿಕೇತನದ ಹಿಂದಿ ಭವನದ ಗೋಡೆಯ ಮೇಲೆ ಮುಖರ್ಜಿಯವರು ಬರೆದ ಸಂತರ ಬಾಳಿನ ಚಿತ್ರಗಳ ಮೇಲೆ ಅಲ್ಲಿ ಕ್ಯಾಮೆರಾ ಸಾಗುತ್ತದೆ. ಚಿತ್ರವೇ ನದಿಯಂತೆ ಉದ್ದಕ್ಕೆ ಹರಿದಿರುವುದರಿಂದ ಕ್ಯಾಮೆರಾ ದಡ ಹಿಡಿದು ನಡೆಯುತ್ತದೆ. ನಡೆಯುವ ಕಾರಣ ಚಿತ್ರದೊಳಗೇ ಇದೆ.

ದೂರದ ಉದಾಹರಣೆಗಳೇಕೆ? ನಮ್ಮ ಸಂಘದಲ್ಲಿಯೇ ಅಂಥದೊಂದನ್ನು ಕಂಡೆವು. ಸದಸ್ಯರೊಬ್ಬರ ಮಗಳು ತನ್ನ ತಂದೆಯ ಅರವತ್ತನೆಯ ವರ್ಷಕ್ಕೆ ಮಾಡಿದ ವಿಡಿಯೋ ಅದು. ಸುಮಾರು 40 ಚಿತ್ರಗಳು. ಅವುಗಳಲ್ಲಿ ಮೂರು ಮಾತ್ರ ಚಲಿಸುತ್ತವೆ, ಉಳಿದವು ನಿಲ್ಲುತ್ತವೆ. ನಿಂತ ಚಿತ್ರಗಳಿಗೆ ಎರಡೂ ಬದಿಯಲ್ಲಿ ಕಪ್ಪು ಅಂಚು ಬಿಟ್ಟಿದ್ದಾಳೆ, ಯಾರ ತಲೆಯನ್ನೂ ಕತ್ತರಿಸಿಲ್ಲ. ಚಲಿಸುವ ಮೂರರಲ್ಲಿ ಒಂದನ್ನು ಇಲ್ಲಿ ವಿವರಿಸಲೇಬೇಕು. ತಂದೆ ಗೌಂಡಿ. ಕಟ್ಟುತ್ತಿರುವ ಗೋಡೆಯ ಪಕ್ಕದ ಸಾರವೆಯ ಮೇಲೆ ನಿಂತಿದ್ದಾರೆ. ಉದ್ದಕ್ಕೆ ತೆಗೆದ ಫೋಟೋ. ವಿಡಿಯೋ ಆರಂಭವಾಗುವುದು ಚಿತ್ರದ ತಳದಲ್ಲಿ, ಗೌಂಡಿಗಳು ಓಳಂಬವೆನ್ನುವ ತೂಗುಗುಂಡಿನಿಂದ. ಗಾಳಿಯಲ್ಲಿ ತೂಗುಬಿದ್ದ ಒಂದು ಗುಂಡು, ಅದಕ್ಕೆ ಕಟ್ಟಿದ ನೂಲು, ಹಿಂದೆ ಚಿರೆಕಲ್ಲಿನ ಗೋಡೆ. ಚೌಕಟ್ಟು ನೂಲನ್ನು ಹಿಡಿದು ಮೆಲ್ಲಗೆ ಮೇಲೆ ಏರುತ್ತದೆ. ಒಂದು ಸಾಲು ಕಲ್ಲು, ಇನ್ನೊಂದು ಸಾಲು. ಬಳಿಕ ನೂಲು ಹಿಡಿದ ಬೆರಳು, ಸಿಮೆಂಟು ಮೆತ್ತಿದ ಮಣಿಕಟ್ಟು. ಕೊನೆಗೆ, ಒಂದು ಕಣ್ಣು ಮುಚ್ಚಿ ಗೋಡೆಯ ನೇರ ನೋಡುತ್ತಿರುವ ಮುಖ. ಅಲ್ಲಿ ಚೌಕಟ್ಟು ನಿಂತಿತು. ಸಾಕಷ್ಟು ಹೊತ್ತು ನಿಂತಿತು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರಿಗೂ ತೋಚಲಿಲ್ಲ.

ಉದ್ದಕ್ಕಿರುವ ಫೋಟೋದಲ್ಲಿ ಶೇಕಡಾ 37.5ರಷ್ಟೇ ಕಾಣುತ್ತದೆ ಎಂದು ಮೇಲೆ ಹೇಳಿದ್ದೇವೆ. ಅದನ್ನು ನಾವು ಕೊರತೆಯೆಂದು ಲೆಕ್ಕ ಹಾಕಿದ್ದೆವು. ಆ ಹುಡುಗಿ ಅದೇ ಕೊರತೆಯಿಂದ ಕೆಲಸ ತೆಗೆದಳು: ಒಮ್ಮೆಗೆ ಕಾಣದ ಮುಖವನ್ನು ಕೊನೆಯವರೆಗೂ ಕಾಯಿಸಿದಳು. ಹೇಗೆ ಮಾಡಿದೆಯಮ್ಮಾ ಎಂದು ಕೇಳಿದರೆ, “ಏನ್ ಇಲ್ರಿ ಸರ್, ನೂಲ ಹಿಡಕೊಂಡ ಮ್ಯಾಲ ಹೋದ್ನಿ” ಎಂದಳು. ಆ್ಯಪು ಅದೇ ಫೋಟೋವನ್ನು ಏನು ಮಾಡುತ್ತಿತ್ತು ಎಂದು ನೋಡುವ ಕುತೂಹಲದಿಂದ ನಾವು ಅದನ್ನು ಕೇಳಿ ಪಡೆದು, ಮೊಮ್ಮಗನ ಮೊಬೈಲಿಗೆ ಹಾಕಿಸಿದೆವು. ಅದು ಗೋಡೆಯ ನಡುವಿನ ಕಲ್ಲುಗಳ ಕಡೆಗೆ ಜೂಮ್ ಮಾಡಿತು. ಎರಡನೆಯ ಸಲ ಗುಂಡಿ ಒತ್ತಿದಾಗ ಎಡಕ್ಕೆ ಜಾರಿತು.

ಶ್ರದ್ಧಾಂಜಲಿಯ ವಿಡಿಯೋಗಳ ಬಗ್ಗೆ ಒಂದು ಮಾತು. ಹಾರ ಹಾಕಿದ ಭಾವಚಿತ್ರ ಮತ್ತೆ ಮತ್ತೆ ದೊಡ್ಡದಾಗುತ್ತ ನಮ್ಮ ಮೇಲೆ ಬಂದಂತಾಗುವುದು ದುಃಖದಲ್ಲಿರುವವರಿಗೆ ಹಿತವಲ್ಲ. ಅದೂ ಅಲ್ಲದೆ ಅಂಥ ಚಿತ್ರ ಹೆಚ್ಚಾಗಿ ಯಾವುದೋ ಗುರುತಿನ ಚೀಟಿಯಿಂದ ಹಿಗ್ಗಿಸಿದ್ದು. ಜೂಮ್ ಮಾಡಿದಷ್ಟೂ ಮುಖ ಮಸುಕಾಗುತ್ತದೆ, ಹತ್ತಿರ ಹೋದಷ್ಟೂ ಅವರು ದೂರವಾಗುತ್ತಾರೆ. ಅಲ್ಲಿ ಚಿತ್ರ ನಿಲ್ಲಲಿ.

ನಮ್ಮ ಮಾತಿಗೆ ಯುವಕರಲ್ಲಿ ಉತ್ತರವಿಲ್ಲದೆ ಇಲ್ಲ. ‘ನಿಂತ ಫೋಟೋವನ್ನು ಈಗ ಯಾರು ನೋಡ್ತಾರೆ? ಅಲುಗಾಡದಿದ್ದರೆ ಜನ ಮೊಬೈಲ್ ತೆಗೀತಾರೆ’ ಎಂದು ಸಂಘದ ಕಾರ್ಯಕಾರಿ ಸಮಿತಿಯ ಒಬ್ಬ ತರುಣರು ಹೇಳಿದರು. ಇನ್ನೊಬ್ಬರ ಮಾತು ಇನ್ನೂ ತೂಕದ್ದು: ‘ದಿನವಿಡೀ ಡ್ಯೂಟಿ ಮುಗಿಸಿ ಬಂದು 200 ಫೋಟೋಕ್ಕೆ ಕೈಯಿಂದ ಚೌಕಟ್ಟು ಹಾಕೋರು ಯಾರು, ಸರ್?’ ಇದಕ್ಕೆ ನಾವು ತಲೆಬಾಗಬೇಕು. ಆ್ಯಪು ಇಲ್ಲದಿದ್ದರೆ ನಮ್ಮ ವಿಡಿಯೋ ಆಗುತ್ತಲೇ ಇರಲಿಲ್ಲ, ಆ ಚಿತ್ರಗಳು ಅಲ್ಮೇರಾದಲ್ಲೇ ಬೂಷ್ಟು ಹಿಡಿಯುತ್ತಿದ್ದವು. ಆದರೆ 200 ಏಕೆ ಬೇಕು ಎಂಬ ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ನಾವೂ ಆಗ ಕೇಳಿರಲಿಲ್ಲ. ಚಲನೆಯನ್ನು ಪೂರ್ತಿ ನಿಲ್ಲಿಸುವ ಸೌಲಭ್ಯ ಆ ಆ್ಯಪಿನಲ್ಲಿಯೇ ಇತ್ತು. ಹುಡುಕಲು ಮೊಮ್ಮಗನಿಗೆ ಎರಡು ನಿಮಿಷ ಹಿಡಿಯಿತು. 30 ಚಿತ್ರಗಳನ್ನು ಆರಿಸಿ, 27ನ್ನು ನಿಲ್ಲಿಸಿ, ಮೂರಕ್ಕೆ ಮಾತ್ರ ಕೈಯಾರೆ ನಡಿಗೆ ಕೊಡುವುದು ಒಂದು ಸಂಜೆಯ ಕೆಲಸ. ಇದನ್ನು ಊಹಿಸಿ ಹೇಳುತ್ತಿಲ್ಲ, ಮಾಡಿ ನೋಡಿ ಹೇಳುತ್ತಿದ್ದೇವೆ.

ಈ ಸಮ್ಮೇಳನದ ಸಂಜೆಯ ಗೋಷ್ಠಿಯಲ್ಲಿ ತೋರಿಸಲೆಂದು ಆ ಗುಂಪಿನ ಫೋಟೋವನ್ನು ನಾವು ಮತ್ತೆ ಸಿದ್ಧಪಡಿಸಿದ್ದೇವೆ. ಮೊಬೈಲಿನಲ್ಲಿ ತೆಗೆದ ನಕಲು ಹಿಗ್ಗಿಸಿದಾಗ ಮಸುಕಾಗುತ್ತಿತ್ತು, ಆದ್ದರಿಂದ ಮೂಲವನ್ನು ಆ ತಾಯಿಯಿಂದ ಮತ್ತೆ ಕೇಳಿ ಪಡೆದು ಸ್ಕ್ಯಾನ್ ಮಾಡಿಸಿದೆವು. ಈಗ ಅದು 4 ಸೆಕೆಂಡಿನದಲ್ಲ, ಒಂದೂವರೆ ನಿಮಿಷದ್ದು. ಮೊದಲು ಇಡೀ ಚಿತ್ರ, ನೆಲದ ಮಕ್ಕಳೂ ಸೇರಿದಂತೆ, ಅಲುಗದೆ ನಿಲ್ಲುತ್ತದೆ. ಬಳಿಕ ಹಿಂದಿನ ಸಾಲಿನ ಎಡತುದಿಯಿಂದ ಹೊರಟು, ಮನುಷ್ಯ ನಡೆಯುವ ಹದದಲ್ಲಿ ಬಲಕ್ಕೆ ಸಾಗುತ್ತದೆ. ಪ್ರತಿಯೊಬ್ಬರ ಹೆಸರು, ಊರು, ಮಾಡುತ್ತಿದ್ದ ಕೆಲಸವನ್ನು ಸಂಘದ ಒಬ್ಬ ವಿದ್ಯಾರ್ಥಿನಿ ಓದುತ್ತಾಳೆ. ಹಾಡು ಹಾಕಿಲ್ಲ. ಹೆಸರುಗಳನ್ನು ಕೂಡಿಸಲು ನಮಗೆ ಮೂರು ವಾರ ಬೇಕಾಯಿತು. ಇಬ್ಬರ ಹೆಸರಿಗಾಗಿ ಗದಗಕ್ಕೂ ಬಾಗಲಕೋಟೆಗೂ ಫೋನು ಹೋಯಿತು. ಆ ತಾಯಿಗೆ ಮುಂಚಿತವಾಗಿ ತೋರಿಸಿದೆವು. ಬಲಗಡೆಯಿಂದ ಎರಡನೆಯವರು ಬಂದಾಗ ಅವರು ಮೊಮ್ಮಗಳಿಗೆ, “ಅಂಗಿ ನೋಡ, ಸುಣ್ಣಾ ಮೆತ್ತೈತಿ. ಬದಲ ಮಾಡ್ಕೋರಿ ಅಂದ್ರ ಕೇಳಲಿಲ್ಲ” ಎಂದರು. ಸುಣ್ಣದ ಆ ಕಲೆಯನ್ನು ನಾವು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಇಷ್ಟಾದರೂ ಒಂದು ಕೆಲಸ ಬಾಕಿಯಿದೆ. 18 ಮಂದಿಯಲ್ಲಿ 17 ಮಂದಿಯ ಗುರುತು ಸಿಕ್ಕಿದೆ. ಬಲತುದಿಯಲ್ಲಿ, ಬಾವುಟದ ಕೋಲನ್ನು ಎರಡೂ ಕೈಯಿಂದ ಹಿಡಿದು ನಿಂತಿರುವ, ಸುಮಾರು ಹದಿನೈದರ ಹುಡುಗ ಯಾರೆಂದು ಯಾರಿಗೂ ತಿಳಿದಿಲ್ಲ. ಅವನ ಮೇಲೆ ಚೌಕಟ್ಟು ಬಂದಾಗ ಓದುವವಳು ಸುಮ್ಮನಾಗುತ್ತಾಳೆ. ಫೋಟೋದ ಪ್ರತಿಯೊಂದನ್ನು ಸಭಾಂಗಣದ ಬಾಗಿಲ ಬಳಿ ತೂಗುಹಾಕುತ್ತೇವೆ. ಗುರುತು ಹತ್ತಿದವರು ಸಂಜೆಯ ಗೋಷ್ಠಿಗೆ ಮೊದಲು ನಮಗೆ ತಿಳಿಸಬೇಕಾಗಿ ವಿನಂತಿ.